ಪಕ್ಷದ ಅಧ್ಯಕ್ಷರು ಯಾರೆಂದು ಹೇಳುವ ಪತ್ರಕರ್ತರು, ಹೇಗೆ ಆರಿಸಿದರೆಂದು ಏಕೆ ಹೇಳುವುದಿಲ್ಲ?

ಕೌಲ್ ಬಜಾರ್ ಓದುಗ, ಬಳ್ಳಾರಿ:

2022ರ ಅಕ್ಟೋಬರ್ 17ರಂದು ನಮ್ಮ ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಒಂದು ಮತಗಟ್ಟೆ ಇತ್ತು. ಭಾರತ್ ಜೋಡೊ ಯಾತ್ರೆಯ ಬಿಡಾರದಲ್ಲೇ ರಾಹುಲ್ ಗಾಂಧಿ ಮತ್ತು ಅವರ ಜೊತೆ ನಡೆಯುತ್ತಿದ್ದ ಪ್ರತಿನಿಧಿಗಳು ಕಾಂಗ್ರೆಸ್ ಅಧ್ಯಕ್ಷರ ಚುನಾವಣೆಗೆ ಮತ ಹಾಕಿದರು. ಎರಡು ದಿನಗಳ ನಂತರ ಎಣಿಕೆಯಾಯಿತು. ಮಲ್ಲಿಕಾರ್ಜುನ ಖರ್ಗೆ ಅವರಿಗೆ 7,897, ಶಶಿ ತರೂರ್ ಅವರಿಗೆ 1,072, ತಿರಸ್ಕೃತವಾದದ್ದು 416. ಒಟ್ಟು 9,385 ಮತಗಳು.

ಆ ವಾರ ನಾನು ಓದಿದ, ನೋಡಿದ ವಿಶ್ಲೇಷಣೆಗಳಲ್ಲಿ ಒಂದೇ ಮಾತು: ಹೊಸ ಅಧ್ಯಕ್ಷರು ನಿಜವಾಗಿ ಅಧಿಕಾರ ನಡೆಸುತ್ತಾರೆಯೇ, ಗಾಂಧಿ ಕುಟುಂಬದ ಹಿಡಿತ ಸಡಿಲವಾಗುತ್ತದೆಯೇ. ಕೇಳಬಾರದ ಪ್ರಶ್ನೆ ಎಂದು ಹೇಳುತ್ತಿಲ್ಲ. ಆದರೆ ಆ ಒಂಬತ್ತು ಸಾವಿರಕ್ಕೂ ಹೆಚ್ಚು ಮತದಾರರು ಯಾರು, ಪಕ್ಷದ ಸ್ಥಳೀಯ ಘಟಕಗಳಾದ ಬಳ್ಳಾರಿ, ಸಿರುಗುಪ್ಪ, ಸಂಡೂರು ಬ್ಲಾಕ್‌ಗಳಿಂದ ಮತದ ಹಕ್ಕು ಪಡೆದವರು ಯಾರು, ಅವರನ್ನು ಆರಿಸಿದ ಸಭೆ ಎಲ್ಲಿ ನಡೆಯಿತು ಎಂದು ಒಬ್ಬ ಪತ್ರಕರ್ತರೂ ನನಗೆ ತಿಳಿಸಲಿಲ್ಲ. ಮತಪೆಟ್ಟಿಗೆ ನಮ್ಮೂರಿನ ಹೊಲದ ಅಂಚಿಗೆ ಬಂದಿತ್ತು. ದೇಶದ ಕ್ಯಾಮೆರಾಗಳೂ ಅಲ್ಲೇ ಇದ್ದವು. ಮತದಾರರ ಪಟ್ಟಿ ಮಾತ್ರ ನಮ್ಮಂಥ ಓದುಗರ ಕಣ್ಣಿಗೆ ಬೀಳಲಿಲ್ಲ. ಆ ಪಟ್ಟಿಯನ್ನು ಬಹಿರಂಗಪಡಿಸಿ ಎಂದು ತರೂರ್ ಸೇರಿದಂತೆ ಐವರು ಸಂಸದರು ಪಕ್ಷದ ಚುನಾವಣಾ ಪ್ರಾಧಿಕಾರಕ್ಕೆ ಪತ್ರ ಬರೆದಿದ್ದರು. ಅದು ಒಂದು ದಿನದ ಸುದ್ದಿಯಾಗಿ ಮುಗಿಯಿತು.

ಇದು ಕಾಂಗ್ರೆಸ್ ಒಂದರ ಮಾತಲ್ಲ. ಬಿಜೆಪಿಯಲ್ಲಿ ಜೆ.ಪಿ. ನಡ್ಡಾ 2020ರ ಜನವರಿಯಲ್ಲಿ ಅಧ್ಯಕ್ಷರಾದರು. ಅವಧಿ ಮೂರು ವರ್ಷ. 2023ರಲ್ಲಿ ಅದನ್ನು 2024ರ ಜೂನ್‌ವರೆಗೆ ವಿಸ್ತರಿಸಿದರು, ಅದಾದ ಮೇಲೂ ಅವರೇ ಮುಂದುವರಿದರು. ಆ ತಿಂಗಳುಗಳಲ್ಲೆಲ್ಲ ಮುಂದಿನ ಅಧ್ಯಕ್ಷರು ಇವರೇ, ಅಲ್ಲ ಅವರೇ ಎಂದು ಎಷ್ಟೊಂದು ಹೆಸರುಗಳು ತೇಲಿಬಂದವು! ಯಾವ ನಿಯಮದ ಪ್ರಕಾರ ವಿಸ್ತರಣೆಯಾಯಿತು ಎಂದು ವಿವರಿಸಿದವರು ಕಡಿಮೆ.

ರಾಷ್ಟ್ರ ರಾಜಕಾರಣದ ವಿಶ್ಲೇಷಕರಿಂದ ನನಗೆ ಬೇಕಾಗಿರುವುದು ಭವಿಷ್ಯವಾಣಿಯಲ್ಲ. ನಾಯಕರನ್ನು ಆರಿಸುವ ದಾರಿಯನ್ನು ತೋರಿಸಿ ಎಂಬುದಷ್ಟೇ ನನ್ನ ಬೇಡಿಕೆ. ಈ ವೇದಿಕೆಯಲ್ಲಿ ಪತ್ರಿಕೆಯಲ್ಲಿ ದುಡಿದವರೂ ರಾಜ್ಯಶಾಸ್ತ್ರ ಓದಿಸುವವರೂ ಇದ್ದೀರಿ. ನಿಮಗೇನು ಅನ್ನಿಸುತ್ತದೆ?

ರಾಯಚೂರು ಗೃಹಿಣಿ:

ಅಣ್ಣಾ, ನೀವು ಪಟ್ಟಿಯನ್ನು ಕೇಳುತ್ತಿದ್ದೀರಿ. ನಮ್ಮ ಕೊರಗು ಅದಕ್ಕಿಂತ ಹಳೆಯದು. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಿನಿಂದ ಧರಣಿ ಕೂತವರು ಸಾವಿರ ದಿನ ದಾಟಿಸಿದರು. ಪ್ರಾದೇಶಿಕ ಅಸಮತೋಲನದ ಬಗ್ಗೆ ವರದಿ ಕೊಟ್ಟ ಡಾ. ನಂಜುಂಡಪ್ಪ ಸಮಿತಿ 2002ರಲ್ಲೇ ರಾಯಚೂರಿಗೆ ಐಐಟಿ ಕೊಡಿ ಎಂದಿತ್ತು. ಅದು ಧಾರವಾಡಕ್ಕೆ ಹೋಯಿತು, ನಮಗೆ ಐಐಐಟಿ ಬಂತು. ರಾತ್ರಿ ಒಂಬತ್ತರ ಚರ್ಚೆಯಲ್ಲಿ ನಾಯಕತ್ವ ಬದಲಾವಣೆಗೆ ಒಂದು ಗಂಟೆ ಸಿಗುತ್ತದೆ. ಆ ಧರಣಿಗೆ ನಾನು ಕಂಡಂತೆ ಒಂದು ನಿಮಿಷ ಸಿಕ್ಕಿದ್ದೇ ಹೆಚ್ಚು.

ತಾಲ್ಲೂಕು ವರದಿಗಾರ, ಲಿಂಗಸುಗೂರು:

ಈ ಕೆಲಸದಲ್ಲಿ ತಲೆ ಹಣ್ಣಾಗಿದೆ, ಆದ್ದರಿಂದ ಒಳಗಿನ ಸ್ಥಿತಿಯನ್ನು ಹೇಳುತ್ತೇನೆ. ದೂರು ಸರಿಯಾಗಿದೆ, ಆದರೆ ದೂರು ಹೊರಬೇಕಾದವರು ಯಾರು ಎಂದು ನೋಡಬೇಕು.

ತಾಲ್ಲೂಕು ವರದಿಗಾರನಿಗೆ ಸಂಬಳವಿಲ್ಲ, ಗೌರವಧನವಿದೆ. ಅದು ಪೆಟ್ರೋಲಿಗೆ ಸಾಲದು. ಹಬ್ಬ, ನಾಯಕರ ಹುಟ್ಟುಹಬ್ಬ, ಪತ್ರಿಕೆಯ ವಾರ್ಷಿಕೋತ್ಸವ ಎಂದರೆ ಜಾಹೀರಾತು ತರಬೇಕು. ಜಾಹೀರಾತು ಕೊಡುವವರು ಯಾರು? ಅದೇ ಬ್ಲಾಕ್ ಅಧ್ಯಕ್ಷರು, ಬಿಜೆಪಿಯಾದರೆ ಅದೇ ಮಂಡಲದ ಅಧ್ಯಕ್ಷರು. ನಿಮ್ಮನ್ನು ಯಾವ ಸಭೆಯಲ್ಲಿ ಆರಿಸಿದರು, ನಡಾವಳಿ ತೋರಿಸಿ ಎಂದು ಅವರ ಮುಂದೆ ಕೂತು ಕೇಳುವ ಧೈರ್ಯ ಎಷ್ಟು ಜನರಿಗಿದೆ? ಕೇಳಿದವರನ್ನು ನಾನು ಬಲ್ಲೆ. ಮುಂದಿನ ಸಲ ಜಾಹೀರಾತು ಬೇರೆ ಪತ್ರಿಕೆಗೆ ಹೋಯಿತು, ಜಿಲ್ಲಾ ಕಚೇರಿಯಿಂದ ಅವರಿಗೇ ಫೋನ್ ಬಂತು.

ಇನ್ನು ಚುನಾವಣೆಗೆ ದೆಹಲಿಯಿಂದ ಬರುವವರು. ಒಳ್ಳೆಯವರೂ ಇರುತ್ತಾರೆ, ಬಿಸಿಲಲ್ಲಿ ಹಳ್ಳಿ ಸುತ್ತುವವರೂ ಇರುತ್ತಾರೆ. ಆದರೆ ಅವರ ಕೈಯಲ್ಲಿ ಒಂದೂವರೆ ದಿನ. ತೋರಣಗಲ್ಲಿನಲ್ಲಿ ವಿಮಾನ ಇಳಿದು, ಹೊಸಪೇಟೆಯಲ್ಲಿ ಉಳಿದು, ಬಳ್ಳಾರಿಯಲ್ಲಿ ಇಬ್ಬರು ಮುಖಂಡರನ್ನು ಮಾತಾಡಿಸಿ ಹೊರಡಬೇಕು. ಬರೆಯುವ ವಿಷಯ ಬರುವ ಮೊದಲೇ ನಿಶ್ಚಯವಾಗಿರುತ್ತದೆ. ಜಾತಿ ಲೆಕ್ಕವನ್ನು ನಮ್ಮ ಬಾಯಿಂದ ಪಡೆದು ಅದಕ್ಕೆ ಸೇರಿಸಿಕೊಳ್ಳುತ್ತಾರೆ. ನಮ್ಮ ಹೆಸರು ಬರುವುದಿಲ್ಲ, ಅದರ ಬಗ್ಗೆ ದುಃಖವಿಲ್ಲ. ನಾವು ಹೇಳಿದ್ದರಲ್ಲಿ ಲೆಕ್ಕ ಉಳಿದು ಕಾರಣ ಬಿದ್ದುಹೋಗುತ್ತದೆ ಎಂಬುದೇ ನನ್ನ ಸಂಕಟ.

ಗಂಗಾವತಿ ಯುವಕ:

ಕೌಲ್ ಬಜಾರ್ ಅಣ್ಣನವರ ಮಾತನ್ನು ಪೂರ್ತಿ ಒಪ್ಪಲಾರೆ. ದೆಹಲಿಯ ಒಳಗಿನ ಸುದ್ದಿ ಹೊರಗೆ ಬರದಿದ್ದರೆ 2022ರ ಚುನಾವಣೆ ನಡೆಯುತ್ತಿತ್ತೇ? 2020ರ ಆಗಸ್ಟ್‌ನಲ್ಲಿ ಕಾಂಗ್ರೆಸ್ಸಿನ 23 ನಾಯಕರು ಸೋನಿಯಾ ಗಾಂಧಿ ಅವರಿಗೆ ಪತ್ರ ಬರೆದರು. ಪೂರ್ಣಾವಧಿ ನಾಯಕತ್ವ ಬೇಕು, ಕಾರ್ಯಕಾರಿ ಸಮಿತಿಗೆ ಚುನಾವಣೆ ನಡೆಯಬೇಕು ಎಂದು ಕೇಳಿದರು. ನಮ್ಮ ವೀರಪ್ಪ ಮೊಯಿಲಿ ಅವರ ಸಹಿಯೂ ಅದರಲ್ಲಿತ್ತು. ಆ ಪತ್ರವನ್ನು ಜನರ ಮುಂದೆ ಇಟ್ಟದ್ದು ಪತ್ರಿಕೆ. ಹೆಸರು ಹೇಳಲೊಲ್ಲದ ವ್ಯಕ್ತಿಯೊಬ್ಬರು ಪತ್ರಕರ್ತರನ್ನು ನಂಬಿದ್ದರಿಂದಲೇ ಅದು ಸಾಧ್ಯವಾಯಿತು. ಒಳಸುದ್ದಿಯನ್ನೆಲ್ಲ ಹಗುರವಾಗಿ ಕಾಣಬೇಡಿ.

ಕೌಲ್ ಬಜಾರ್ ಓದುಗ, ಬಳ್ಳಾರಿ:

ತಮ್ಮಾ, ಆ ಪತ್ರವನ್ನು ತಂದ ಪತ್ರಕರ್ತರಿಗೆ ನಾನೂ ಋಣಿ. ಆದರೆ ಅಲ್ಲಿ ಒಂದು ದಾಖಲೆಯಿತ್ತು. ಸಹಿಗಳಿದ್ದವು, ಬೇಡಿಕೆಗಳಿದ್ದವು. ಸುಳ್ಳಾದರೆ ಸುಳ್ಳೆಂದು ತೋರಿಸಬಹುದಿತ್ತು. 2025ರಲ್ಲಿ ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿ ಬದಲಾವಣೆಯ ಬಗ್ಗೆ 'ನವೆಂಬರ್ ಕ್ರಾಂತಿ'ಯ ಹೆಸರಿನಲ್ಲಿ ತಿಂಗಳುಗಟ್ಟಲೆ ನಡೆದ ಚರ್ಚೆಯನ್ನು ಅದರ ಪಕ್ಕ ಇಟ್ಟು ನೋಡಿ. ಹೈಕಮಾಂಡ್ ಹೀಗೆ ಒಲವು ತೋರಿದೆ, ಹಾಗೆ ಮುನಿದಿದೆ. ಹೇಳಿದವರು ಯಾರೆಂದಿಲ್ಲ, ಯಾವ ಸಭೆಯೆಂದಿಲ್ಲ. ಸೋಮವಾರ ಒಂದು, ಗುರುವಾರ ಅದಕ್ಕೆ ತದ್ವಿರುದ್ಧ. ಗುರುವಾರದವರು ಸೋಮವಾರದ ತಮ್ಮದೇ ಮಾತಿಗೆ ಉತ್ತರ ಕೊಡುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಕೊಪ್ಪಳ ಉಪನ್ಯಾಸಕಿ:

ಕಾನೂನಿನ ಬದಿಯಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ತರಗತಿಯಲ್ಲಿ ಮಕ್ಕಳು ಇದನ್ನೇ ಕೇಳುತ್ತಾರೆ.

ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮಿನ ಪ್ರಕಾರ ಪಕ್ಷಗಳು ಚುನಾವಣಾ ಆಯೋಗದಲ್ಲಿ ನೋಂದಣಿ ಮಾಡಿಸಬೇಕು. ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ ಮತ್ತು ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠೆ ಇದೆ ಎಂದು ಬರೆದುಕೊಡಬೇಕು. ಆದರೆ ಪಕ್ಷದೊಳಗೆ ಚುನಾವಣೆ ಹೇಗೆ ನಡೆಯಬೇಕು, ಮತದಾರರ ಪಟ್ಟಿ ಯಾರಿಗೆ ಕಾಣಬೇಕು ಎಂಬುದರ ಬಗ್ಗೆ ಕಾಯ್ದೆಯಲ್ಲಿ ವಿಧಿಯಿಲ್ಲ. ಕಾನೂನು ಆಯೋಗ 1999ರ ತನ್ನ 170ನೆಯ ವರದಿಯಲ್ಲಿ ಪಕ್ಷಗಳ ಆಂತರಿಕ ಪ್ರಜಾಪ್ರಭುತ್ವಕ್ಕೆ ಕಾನೂನಿನ ಚೌಕಟ್ಟು ಬೇಕೆಂದಿತ್ತು. ನೋಂದಣಿಯಾದ ಪಕ್ಷದ ನೋಂದಣಿಯನ್ನು, ವಂಚನೆಯಿಂದ ಪಡೆದದ್ದು ಎಂಬಂತಹ ಕೆಲವೇ ಸಂದರ್ಭಗಳ ಹೊರತು, ಚುನಾವಣಾ ಆಯೋಗ ರದ್ದು ಮಾಡಲಾಗದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿತು. ಅಂದರೆ ಪಕ್ಷ ತನ್ನ ನಿಯಮಾವಳಿಯನ್ನು ತಾನೇ ಮುರಿದರೆ ಹೊರಗಿನವರು ಮಾಡಬಹುದಾದದ್ದು ಬಹಳ ಕಡಿಮೆ. ಅಲ್ಲಿ ಉಳಿಯುವ ಒಂದೇ ಕಾವಲು ಪತ್ರಿಕೆ. ಅದೂ ಕಣ್ಣು ಬೇರೆಡೆ ಇಟ್ಟರೆ ಕೇಳುವವರು ಯಾರೂ ಇಲ್ಲ.

ನಿಯಮಾವಳಿಗಳು ಗುಟ್ಟಿನವಲ್ಲ. ಕಾಂಗ್ರೆಸ್ಸಿನಲ್ಲಿ ಪ್ರತಿ ಬ್ಲಾಕಿನಿಂದ ಪ್ರದೇಶ (ರಾಜ್ಯ) ಸಮಿತಿಗೆ ಒಬ್ಬ ಪ್ರತಿನಿಧಿ. ಅಧ್ಯಕ್ಷರ ಚುನಾವಣೆಯ ಮತದಾರರು ಈ ಪ್ರತಿನಿಧಿಗಳೇ. ಹತ್ತು ಪ್ರತಿನಿಧಿಗಳು ಸೂಚಿಸಿದರೆ ಯಾರು ಬೇಕಾದರೂ ಅಭ್ಯರ್ಥಿಯಾಗಬಹುದು. ಬಿಜೆಪಿಯಲ್ಲಿ ರಾಷ್ಟ್ರೀಯ ಪರಿಷತ್ತು ಮತ್ತು ರಾಜ್ಯ ಪರಿಷತ್ತುಗಳ ಸದಸ್ಯರು ಮತದಾರರು. ಕನಿಷ್ಠ ಅರ್ಧದಷ್ಟು ರಾಜ್ಯಗಳಲ್ಲಿ ಸಂಘಟನಾ ಚುನಾವಣೆ ಮುಗಿಯದೆ ರಾಷ್ಟ್ರೀಯ ಅಧ್ಯಕ್ಷರ ಚುನಾವಣೆ ನಡೆಸುವಂತಿಲ್ಲ. ನಡ್ಡಾ ಅವರ ಅವಧಿ ಏಕೆ ಬೆಳೆಯಿತು ಎಂದು ಅರಿಯಲು ಯಾವ ರಾಜ್ಯದಲ್ಲಿ ಮಂಡಲ, ಜಿಲ್ಲೆಗಳ ಚುನಾವಣೆ ಎಲ್ಲಿಗೆ ಬಂದಿದೆ ಎಂದು ನೋಡಿದ್ದರೆ ಬಹಳಷ್ಟು ಬೆಳಕು ಬೀಳುತ್ತಿತ್ತು. ಅದಕ್ಕೆ ದೆಹಲಿಯ ಪಿಸುಮಾತು ಬೇಕಿರಲಿಲ್ಲ. ಕೊಪ್ಪಳದ ಜಿಲ್ಲಾ ಕಚೇರಿಗೆ ಹೋಗಿ ಕೇಳಿದ್ದರೆ ಸಾಕಿತ್ತು.

ಇನ್ನೊಂದು ವಿಷಯ. ಎಸ್. ನಿಜಲಿಂಗಪ್ಪನವರು ಹುಟ್ಟಿದ್ದು ಅಂದಿನ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ. ಅವರು ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗಲೇ, 1969ರ ನವೆಂಬರ್ 12ರಂದು, ಇಂದಿರಾ ಗಾಂಧಿ ಅವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು. ಆ ಜಗಳ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯ ಅಧಿವೇಶನದಲ್ಲೇ ಬಯಲಿಗೆ ಬಂದಿತ್ತು. ಪಕ್ಷದ ಅಧ್ಯಕ್ಷರೂ ಪ್ರಧಾನಿಯೂ ಪರಸ್ಪರ ಪತ್ರ ಬರೆದರು, ಓದುಗರಿಗೆ ಎರಡೂ ಕಡೆಯ ವಾದ ಸಿಕ್ಕಿತು. ಇಂದಿನ ವಿಶ್ಲೇಷಕರು ಆ ಮಟ್ಟದ ಸಾಮಗ್ರಿಯನ್ನು ಒತ್ತಾಯಿಸಿ ಪಡೆಯಬೇಕು. ಪಡೆಯಲಾಗದಿದ್ದರೆ, ಕೇಳಿದೆವು, ಕೊಡಲಿಲ್ಲ ಎಂದಾದರೂ ಬರೆಯಲಿ. ಅದೂ ಸುದ್ದಿಯೇ.

ಕಾರಟಗಿ:

ಮೇಡಂ, ಇಷ್ಟು ಸ್ಪಷ್ಟವಾಗಿ ಯಾವ ಟಿವಿಯಲ್ಲೂ ಕೇಳಿರಲಿಲ್ಲ. ವಂದನೆಗಳು.

ಸಿಂಧನೂರು ಭತ್ತದ ರೈತ:

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಯಿತು, ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ನಾವು ಎಡದಂಡೆ ಕಾಲುವೆಯ ಕೊನೆಯ ಭಾಗದವರು. ಜಲಾಶಯ ಬರಿದಾದರೆ ಮೊದಲು ಒಣಗುವುದು ನಮ್ಮ ಗದ್ದೆ. ಆ ವಾರ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ನಾನು ನೋಡಿದ ರಾಷ್ಟ್ರೀಯ ಚಾನೆಲ್ಲಿನಲ್ಲಿ ಮಾತು ಎರಡನೆಯ ದಿನಕ್ಕೇ ಯಾರು ರಾಜೀನಾಮೆ ಕೊಡಬೇಕು, ಯಾವ ಪಕ್ಷದ ನಾಯಕತ್ವಕ್ಕೆ ಪೆಟ್ಟು ಎಂಬಲ್ಲಿಗೆ ಹೊರಳಿತು. ಅಣೆಕಟ್ಟು ಯಾರ ಕೈಯಲ್ಲಿದೆ? ತುಂಗಭದ್ರಾ ಮಂಡಳಿಯ ಕೈಯಲ್ಲಿ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಹುಟ್ಟಿದ ಮಂಡಳಿ ಅದು. ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ. ಕರ್ನಾಟಕ, ಆಂಧ್ರ, ತೆಲಂಗಾಣದ ಪ್ರತಿನಿಧಿಗಳು ಸದಸ್ಯರು. ಹಾಗಿದ್ದರೆ ಸರಪಳಿಯ ತಪಾಸಣೆ ಯಾವಾಗ ಆಗಿತ್ತು, ದುರಸ್ತಿಯ ಹಣಕ್ಕೆ ಒಪ್ಪಿಗೆ ಕೊಡುವವರು ಯಾರು ಎಂದು ಆ ಮಂಡಳಿಯನ್ನು ಕೇಳಬೇಕಲ್ಲವೇ? ಇದನ್ನು ಕೇಳಿದವರು ನಮ್ಮ ಕಡೆಯ ವರದಿಗಾರರೇ. ಹರಿಯುವ ನೀರಿಗೆ ತಡೆಹಲಗೆ ಇಳಿಸಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಕೆಲಸವನ್ನು ಗಂಟೆಗಂಟೆಗೆ ತಿಳಿಸಿದವರೂ ಅವರೇ.

ದೆಹಲಿಯ ಸುದ್ದಿ ನಮಗೆ ಬರುವುದು ಕಾಲುವೆಯ ಕೊನೆಯ ಭಾಗಕ್ಕೆ ನೀರು ಬಂದಂತೆ. ಮೇಲಿನವರು ಬೇಕಾದದ್ದನ್ನು ಎತ್ತಿಕೊಂಡ ಮೇಲೆ ಉಳಿದದ್ದು ನಮಗೆ.

ಸಂಡೂರು ಗಣಿ ನೌಕರ:

ಬಳ್ಳಾರಿಯ ರಾಜಕೀಯವನ್ನು ಹೊರಗಿನವರು ಓದಿದ ರೀತಿ ಹೇಗಿತ್ತು ಎನ್ನುವುದಕ್ಕೆ 1999ಕ್ಕಿಂತ ಉತ್ತಮ ಉದಾಹರಣೆ ಬೇಡ. ಸೋನಿಯಾ ಗಾಂಧಿ ಮೊದಲ ಬಾರಿಗೆ ಚುನಾವಣೆಗೆ ನಿಂತರು, ಅಮೇಠಿಯ ಜೊತೆಗೆ ಬಳ್ಳಾರಿಯಲ್ಲೂ. ಕೊನೆಯ ಗಳಿಗೆಯವರೆಗೂ ಆಂಧ್ರದ ಕಡಪಾದಲ್ಲಿ ನಿಲ್ಲುತ್ತಾರೆ ಎಂಬ ಊಹೆ ಬಲವಾಗಿತ್ತು. ಬಿಜೆಪಿ ಸುಷ್ಮಾ ಸ್ವರಾಜ್ ಅವರನ್ನು ಇಳಿಸಿತು. ಅವರು ಕೆಲವೇ ವಾರಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದರು. ಸುಮಾರು 56 ಸಾವಿರ ಮತಗಳಿಂದ ಸೋತರು. ಆ ಬಳಿಕವೂ ಹಲವು ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬಂದರು. ಗೆದ್ದವರು ಅಮೇಠಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು, 2000ದಲ್ಲಿ ಉಪಚುನಾವಣೆ ನಡೆದು ಕಾಂಗ್ರೆಸ್ಸಿನ ಕೋಳೂರು ಬಸವನಗೌಡ ಗೆದ್ದರು.

1952ರಲ್ಲಿ ಟೇಕೂರು ಸುಬ್ರಹ್ಮಣ್ಯಂ ಅವರಿಂದ ಹಿಡಿದು ಕಾಂಗ್ರೆಸ್ ಕೈಯಲ್ಲೇ ಇದ್ದ ಕ್ಷೇತ್ರ 2004ರಲ್ಲಿ ಬಿಜೆಪಿಗೆ ಹೋಯಿತು. ಸೋನಿಯಾ ಬಿಟ್ಟುಹೋದ ಮುನಿಸು, ಸುಷ್ಮಾ ಅವರ ನಂಟು ಎಂದು ವಿಶ್ಲೇಷಕರು ಬರೆದರು. ಅದರಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಆ ಹೊತ್ತಿಗೆ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರತೊಡಗಿತ್ತು. ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಲಾರಿಗಳ ಸಾಲು ನಿಂತಿತ್ತು. ಹಣ ಯಾರ ಕೈ ಸೇರುತ್ತಿದೆ, ಯಾರು ಯಾರಿಗೆ ಲಾರಿ ಕೊಡಿಸುತ್ತಿದ್ದಾರೆ ಎಂಬುದು ಇಲ್ಲಿ ಚಹಾ ಅಂಗಡಿಯ ಹುಡುಗನಿಗೂ ಗೊತ್ತಿತ್ತು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಎಲ್ಲರೂ ಬಂದರು. ಅದಕ್ಕೂ ಮುಂಚೆ ಬರೆದ ಸ್ಥಳೀಯರು ಬೆದರಿಕೆಯ ನಡುವೆ ಬರೆದರು. ನಾಯಕರ ಮುಖವನ್ನು ಮಾತ್ರ ನೋಡುತ್ತಿದ್ದ ವಿಶ್ಲೇಷಣೆಗೆ ಅದಿರು ಕಾಣಲೇ ಇಲ್ಲ.

ರಾಯಚೂರು ಗೃಹಿಣಿ:

ಸಂಡೂರಿನ ಅಣ್ಣನವರ ಮಾತಿಗೆ 2024ನ್ನೂ ಸೇರಿಸಿ. 2019ರಲ್ಲಿ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ ಐದೂ ಬಿಜೆಪಿಗೆ. 2024ರಲ್ಲಿ ಐದೂ ಕಾಂಗ್ರೆಸ್ಸಿಗೆ. ಕಲ್ಯಾಣ ಕರ್ನಾಟಕದ ಇಡೀ ನಕ್ಷೆ ಮಗುಚಿತು. ನಾನು ನೋಡಿದ ಹಿಂದಿ ಚರ್ಚೆಯಲ್ಲಿ ಕರ್ನಾಟಕ ಎಂದರೆ ಬಿಜೆಪಿ 17, ಜೆಡಿಎಸ್ 2, ಕಾಂಗ್ರೆಸ್ 9 ಎಂಬಲ್ಲಿಗೆ ಮುಗಿಯಿತು.

ಗಂಗಾವತಿ ಯುವಕ:

ಅಕ್ಕಾ, ಅದಕ್ಕೆ ಖರ್ಗೆ ಅವರೇ ಕಾರಣ ಎಂದು ಕೆಲವರು ಬರೆದರು. ನಮ್ಮ ಭಾಗದವರು ಅಧ್ಯಕ್ಷರಾದರು, ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ತಂದವರು ಎಂಬ ಅಭಿಮಾನ.

ರಾಯಚೂರು ಗೃಹಿಣಿ:

ಅಭಿಮಾನ ನನಗೂ ಇದೆ. ನನ್ನ ಮಗನಿಗೆ ಕಾಲೇಜಿನ ಸೀಟು ಸಿಕ್ಕಿದ್ದೇ 371ಜೆ ಮೀಸಲಿನಲ್ಲಿ. ಆದರೆ ಕೊಪ್ಪಳವನ್ನು ನೋಡು. ಆಗಿನ ಸಂಸದ ಕರಡಿ ಸಂಗಣ್ಣ ಅವರಿಗೆ ಬಿಜೆಪಿ ಟಿಕೆಟ್ ಕೊಡಲಿಲ್ಲ, ಅವರು ಏಪ್ರಿಲ್‌ನಲ್ಲಿ ಕಾಂಗ್ರೆಸ್ ಸೇರಿದರು. ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಯ ಹಣ ಹೆಂಗಸರ ಖಾತೆಗೆ ಬರುತ್ತಿತ್ತು. ಇದನ್ನೆಲ್ಲ ಒಬ್ಬ ನಾಯಕರ ಹೆಸರಿಗೆ ಕಟ್ಟಿಬಿಟ್ಟರೆ ಉಳಿದ ನಾವೆಲ್ಲ ಏನು ಯೋಚಿಸಿ ಮತ ಹಾಕಿದೆವು ಎಂದು ಯಾರಿಗೆ ಗೊತ್ತಾಗಬೇಕು? ಕೆಲವರಿಗೆ ಖರ್ಗೆ ಎಂದರೆ ದಲಿತ ಮುಖ, ಇನ್ನು ಕೆಲವರಿಗೆ ರಬ್ಬರ್ ಸ್ಟಾಂಪ್. ಕೆಲಸ ಮಾಡುವ ರಾಜಕಾರಣಿಯಾಗಿ ಅವರನ್ನು ಪ್ರಶ್ನಿಸುವವರೂ ಇಲ್ಲ, ಮೆಚ್ಚುವವರೂ ಇಲ್ಲ. ಏಮ್ಸ್ ವಿಷಯದಲ್ಲಿ ನೀವು ಏನು ಮಾಡಿದಿರಿ ಎಂದು ಅವರನ್ನೂ ಕೇಳಬೇಕು, ಪ್ರಧಾನಿಯನ್ನೂ ಕೇಳಬೇಕು.

ದೇವದುರ್ಗ:

2024ರ ಜೂನ್ 1ರಂದು ಹೆಚ್ಚಿನ ಮತಗಟ್ಟೆ ಸಮೀಕ್ಷೆಗಳು ಬಿಜೆಪಿ ನೇತೃತ್ವದ ಎನ್‌ಡಿಎಗೆ 350 ಸ್ಥಾನ ದಾಟಿಸಿದವು, ಒಂದು 401ರವರೆಗೂ ಹೋಯಿತು. ಬಂದದ್ದು 293. ಸಮೀಕ್ಷೆ ನಡೆಸಿದವರೊಬ್ಬರು ನೇರಪ್ರಸಾರದಲ್ಲೇ ಕಣ್ಣೀರು ಹಾಕಿದರು. ಆ ಅಂಕಿಗಳ ಮೇಲೆ ಮೂರು ದಿನ ನಾಯಕತ್ವದ ವಿಶ್ಲೇಷಣೆ ಕಟ್ಟಿದವರು ಮರುದಿನ ಏನೂ ಆಗದವರಂತೆ ಕೂತಿದ್ದರು. 2004ರಲ್ಲೂ ಹೀಗೆಯೇ ಆಗಿತ್ತು.

ತಾಲ್ಲೂಕು ವರದಿಗಾರ, ಲಿಂಗಸುಗೂರು:

ಕೌಲ್ ಬಜಾರ್ ಅವರ ಮೂಲ ಪ್ರಶ್ನೆಗೆ ಮರಳುತ್ತೇನೆ. 2025ರ ಜೂನ್ ಕೊನೆಯಲ್ಲಿ ಮುಖ್ಯಮಂತ್ರಿ ಬದಲಾವಣೆಯ ಬಗ್ಗೆ ಕೇಳಿದಾಗ ಖರ್ಗೆ ಅವರು ಅದು ಹೈಕಮಾಂಡ್ ಕೈಯಲ್ಲಿದೆ, ಅಲ್ಲಿ ಏನು ನಡೆಯುತ್ತಿದೆ ಎಂದು ಯಾರೂ ಹೇಳಲಾಗದು ಎಂಬರ್ಥದ ಉತ್ತರ ಕೊಟ್ಟರು. ಅಧ್ಯಕ್ಷರೇ ಹೀಗೆ ಹೇಳಿದರೆ ಹೈಕಮಾಂಡ್ ಯಾರು ಎಂದು ಎಲ್ಲೆಡೆ ನಕ್ಕರು. ನನಗೆ ನಗು ಬರಲಿಲ್ಲ. ಅಲ್ಲಿದ್ದ ವರದಿಗಾರರು ಒಂದು ಹೆಜ್ಜೆ ಮುಂದೆ ಹೋಗಿ, ನಿಮ್ಮ ಪಕ್ಷದ ನಿಯಮಾವಳಿಯಲ್ಲಿ ಈ ತೀರ್ಮಾನ ಯಾವ ಸಮಿತಿಯದು ಎಂದು ಕೇಳಬೇಕಿತ್ತು.

2023ರ ಮೇ 14ರಂದು ಬೆಂಗಳೂರಿನಲ್ಲಿ ಕಾಂಗ್ರೆಸ್ ಶಾಸಕಾಂಗ ಪಕ್ಷ ಸೇರಿ, ನಾಯಕನ ಆಯ್ಕೆಯನ್ನು ಅಖಿಲ ಭಾರತ ಕಾಂಗ್ರೆಸ್ ಸಮಿತಿ (ಎಐಸಿಸಿ) ಅಧ್ಯಕ್ಷರಿಗೆ ಬಿಡುವ ಒಂದು ಸಾಲಿನ ನಿರ್ಣಯ ಮಾಡಿತು. ವೀಕ್ಷಕರು ಶಾಸಕರ ಅಭಿಪ್ರಾಯವನ್ನು ಗುಪ್ತವಾಗಿ ಪಡೆದರು. ಎಷ್ಟು ಮತ ಯಾರಿಗೆ? ಅಧಿಕೃತವಾಗಿ ಇಂದಿಗೂ ಪ್ರಕಟವಾಗಿಲ್ಲ. ನಾವು ಗೆಲ್ಲಿಸಿದ ಶಾಸಕರ ಅಭಿಪ್ರಾಯ ಅದು. 2021ರಲ್ಲಿ ಯಡಿಯೂರಪ್ಪನವರ ರಾಜೀನಾಮೆಯ ನಂತರ ಬೊಮ್ಮಾಯಿ ಅವರ ಹೆಸರು ಬಂದಾಗಲೂ ವೀಕ್ಷಕರು ದೆಹಲಿಯಿಂದ ಬಂದರು, ಒಮ್ಮತ ಎಂದು ಘೋಷಿಸಿದರು. ಪಕ್ಷ ಬೇರೆ, ಪದ್ಧತಿ ಒಂದೇ. ಮಾತಾಡಲು ಮನಸ್ಸುಳ್ಳ ಶಾಸಕರೂ ಪಕ್ಷಾಂತರ ನಿಷೇಧ ಕಾನೂನನ್ನು, ಅದಕ್ಕಿಂತ ಹೆಚ್ಚಾಗಿ ಮುಂದಿನ ಟಿಕೆಟನ್ನು ನೆನೆದು ಸುಮ್ಮನಾಗುತ್ತಾರೆ.

ಪಕ್ಷದ ಕಾರ್ಯಕರ್ತ, ಕೊಪ್ಪಳ ಜಿಲ್ಲೆ:

ಈ ಚರ್ಚೆಯನ್ನು ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಪಕ್ಷದ ಹೆಸರು ಬರೆಯುವುದಿಲ್ಲ, ಊರಿನ ಹೆಸರೂ ಬೇಡ. ಕಳೆದ ಸಂಘಟನಾ ಚುನಾವಣೆಯಲ್ಲಿ ನಮ್ಮನ್ನು ಒಂದು ಕಲ್ಯಾಣ ಮಂಟಪಕ್ಕೆ ಕರೆದರು. ಜಿಲ್ಲೆಯಿಂದ ಒಬ್ಬ ಹಿರಿಯರು ಬಂದಿದ್ದರು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿದೆವು. ಆಯ್ಕೆಯನ್ನು ವರಿಷ್ಠರಿಗೆ ಬಿಟ್ಟಿದ್ದೇವೆ ಎಂಬ ಒಂದು ಸಾಲನ್ನು ಓದಿದರು, ಚಪ್ಪಾಳೆಯಾಯಿತು, ಊಟಕ್ಕೆ ಎದ್ದೆವು. ಮನಸ್ಸಿನಲ್ಲಿ ಬೇರೆ ಹೆಸರಿದ್ದವರು ಆ ಸಭೆಯಲ್ಲಿ ಹಲವರಿದ್ದರು. ನಾಮಪತ್ರ ಎಲ್ಲಿ ಸಿಗುತ್ತದೆ ಎಂದು ಕೇಳಿದ ಹುಡುಗನನ್ನು ಪಕ್ಕಕ್ಕೆ ಕರೆದು ಸಮಾಧಾನ ಮಾಡಿದರು. ಹತ್ತಾರು ವರ್ಷ ಧ್ವಜ ಕಟ್ಟಿದವನು ನಾನು. ಅಂದು ಮನೆಗೆ ಬಂದು ಯಾರೊಂದಿಗೂ ಮಾತಾಡಲಿಲ್ಲ. ದೆಹಲಿಯ ಪತ್ರಕರ್ತರು ನಮ್ಮ ಪಕ್ಷದ ನಾಯಕರು 'ಕಾರ್ಯಕರ್ತರ ಒಲವಿನಿಂದ' ಬಂದರು ಎಂದು ಬರೆದಾಗ, ಆ ಒಲವನ್ನು ನನ್ನಿಂದ ಯಾರು ಯಾವಾಗ ಕೇಳಿದರು ಎಂದು ಯೋಚಿಸುತ್ತೇನೆ.

ಕೊಪ್ಪಳ ಉಪನ್ಯಾಸಕಿ:

ಸರ್, ಇದನ್ನು ಬರೆದದ್ದಕ್ಕೆ ನಿಮಗೆ ನಮಸ್ಕಾರ. ಆ ಸಭೆಗೆ ಚುನಾವಣಾ ಅಧಿಕಾರಿ ಎಂದು ಯಾರನ್ನಾದರೂ ನೇಮಿಸಿದ್ದರೇ? ದೊಡ್ಡ ಪಕ್ಷಗಳ ಸಂಘಟನಾ ಚುನಾವಣೆಗೆ ಅಂತಹ ಅಧಿಕಾರಿ ಇರಬೇಕು.

ಪಕ್ಷದ ಕಾರ್ಯಕರ್ತ, ಕೊಪ್ಪಳ ಜಿಲ್ಲೆ:

ಜಿಲ್ಲೆಯಿಂದ ಬಂದ ಆ ಹಿರಿಯರೇ ಅಧಿಕಾರಿ ಎಂದು ನಂತರ ತಿಳಿಯಿತು, ಮೇಡಂ. ಸಭೆಯಲ್ಲಿ ಯಾರೂ ಹಾಗೆಂದು ಪರಿಚಯಿಸಲಿಲ್ಲ.

ತಾಲ್ಲೂಕು ವರದಿಗಾರ, ಲಿಂಗಸುಗೂರು:

ಅಣ್ಣಾ, ಹಾಜರಿ ಪುಸ್ತಕ ಈಗ ಯಾರ ಬಳಿ ಇದೆ?

ಪಕ್ಷದ ಕಾರ್ಯಕರ್ತ, ಕೊಪ್ಪಳ ಜಿಲ್ಲೆ:

ಬ್ಲಾಕ್ ಕಚೇರಿಯ ಕಪಾಟಿನಲ್ಲಿ ಇರಬೇಕು. ಕೇಳಿದರೆ ಏಕೆ ಎನ್ನುತ್ತಾರೆ. ಆದರೂ ಕೇಳುತ್ತೇನೆ, ಸಹಿ ನನ್ನದೂ ಇದೆಯಲ್ಲ.

ತಾಲ್ಲೂಕು ವರದಿಗಾರ, ಲಿಂಗಸುಗೂರು:

ಪುಸ್ತಕದ ಪ್ರತಿ ಬೇಡ, ನಿಮಗೆ ತೊಂದರೆಯಾಗುವುದು ಬೇಡ. ಸಭೆಯ ದಿನಾಂಕ, ಹಾಜರಿದ್ದವರ ಸಂಖ್ಯೆ, ನಾಮಪತ್ರ ಕರೆದಿದ್ದರೇ ಇಲ್ಲವೇ, ಇಷ್ಟು ಸಾಕು. ಇಲ್ಲಿ ಬೇರೆ ಪಕ್ಷಗಳ ಬ್ಲಾಕ್, ಮಂಡಲದವರು ಇದ್ದರೆ ಅವರೂ ಇದನ್ನೇ ತಿಳಿಸಲಿ. ಒಂದೇ ಪಕ್ಷದ್ದನ್ನು ಬರೆದರೆ ಅನ್ಯಾಯವಾಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳದ್ದು ಕೈಗೆ ಬಂದ ಮೇಲೆ ಆಯಾ ಪಕ್ಷದ ನಿಯಮಾವಳಿಯನ್ನು ಪಕ್ಕದಲ್ಲಿಟ್ಟು ಬರೆಯುತ್ತೇನೆ. ಕಲಮುಗಳನ್ನು ಮೇಡಂ ಒಮ್ಮೆ ಪರಿಶೀಲಿಸಿಕೊಟ್ಟರೆ ಉಪಕಾರ.